ಜಾಕ್ ಎಂಬ ಹುಡುಗ, ಜಾಕಿ ಎಂಬ ಸಲಕರಣೆ

ಹೆದ್ದಾರಿ ಬದಿಯಲ್ಲಿ ಟೈರು ಪಂಕ್ಚರ್ ಆದರೆ ಡಿಕ್ಕಿಯಿಂದ ಹೊರಗೆ ಬರುವುದು ಜಾಕಿ. ಇಸ್ಪೀಟಿನಲ್ಲಿ ರಾಣಿಯ ಕೆಳಗೆ ಕೂತವನೂ ಜಾಕಿ. ರೇಸಿನ ಕುದುರೆಯ ಮೇಲೆ ಕೂತವನು ಜಾಕಿ, ಎಫ್‌ಎಂನಲ್ಲಿ ಬೆಳಗ್ಗೆ ಬೆಳಗ್ಗೆ ಮಾತಾಡುವವರು ರೇಡಿಯೋ ಜಾಕಿ. ಹೆಡ್‌ಫೋನ್ ಚುಚ್ಚುವ ತೂತು ಜಾಕ್. ದಿಢೀರನೆ ದುಡ್ಡು ಬಂದರೆ ಜಾಕ್‌ಪಾಟ್. ಯುಕೆಜಿ ಮಗು ಬಾಯಿಪಾಠ ಮಾಡುವ ಪದ್ಯದಲ್ಲಿ ಜಿಲ್ ಜೊತೆ ಗುಡ್ಡ ಹತ್ತಿ ಉರುಳಿ ಬೀಳುವವನು ಕೂಡ ಜಾಕ್.

ಇವರೆಲ್ಲ ಒಂದೇ ಮನೆತನದವರು. ಮೂಲದಲ್ಲಿ ಇದ್ದದ್ದು ಒಂದು ಹೆಸರು, ಇಂಗ್ಲೆಂಡಿನಲ್ಲಿ ಮನೆಮನೆಯಲ್ಲೂ ಇದ್ದ ಹುಡುಗನ ಹೆಸರು. ಈ ಹೆಸರಿನ ಹಳೆಯ ಅರ್ಥಗಳೂ ಬೀದಿಮಾತಿನ ಅರ್ಥಗಳೂ ಈಗ ನಮಗೆ ಅಡ್ಡ ಬರುವುದು ಜಾಸ್ತಿಯಾಗಿದೆ. ಮೊಬೈಲಿನಲ್ಲಿ ಇಂಗ್ಲಿಷ್ ಸರಣಿ ನೋಡುವಾಗ ಒಬ್ಬ ಇನ್ನೊಬ್ಬನಿಗೆ ‘ಯು ಡೋಂಟ್ ನೋ ಜಾಕ್’ ಎಂದು ಗದರಿಸುತ್ತಾನೆ. ಪದಕ್ಕೆ ಪದ ಇಟ್ಟರೆ ‘ನಿನಗೆ ಜಾಕ್ ಗೊತ್ತಿಲ್ಲ’ ಎಂದಾಗುತ್ತದೆ, ನೋಡುವವರು ಈ ಜಾಕ್ ಯಾರು ಎಂದು ಹಿಂದಿನ ಕಂತು ಹುಡುಕಬೇಕಾಗುತ್ತದೆ. ಅಲ್ಲಿ ಜಾಕ್ ಎಂಬ ಮನುಷ್ಯನೇ ಇಲ್ಲ. ‘ನಿನಗೆ ಒಂದು ಚೂರೂ ಗೊತ್ತಿಲ್ಲ’ ಎನ್ನುವುದು ಮಾತಿನ ಅರ್ಥ. ಒಂದು ಹೆಸರು ‘ಏನೂ ಇಲ್ಲ’ ಎಂಬ ಅರ್ಥಕ್ಕೆ ಬಂದು ಮುಟ್ಟಿದ್ದು ಹೇಗೆ ಎಂದು ತಿಳಿಯಬೇಕಾದರೆ ಬುಡದಿಂದ ಬರಬೇಕು.

ಜಾನ್ ಹೋಗಿ ಜಾಕ್

ವೆಂಕಟೇಶ ಮನೆಯಲ್ಲಿ ವೆಂಕ ಆಗುತ್ತಾನೆ, ಶ್ರೀನಿವಾಸ ಸೀನ, ನಾರಾಯಣ ನಾಣಿ, ಕೃಷ್ಣ ಕಿಟ್ಟಿ. ಜಾನ್ ಜಾಕ್ ಆದದ್ದೂ ಹೀಗೆಯೇ, ನಡುವೆ ಒಂದು ಮೆಟ್ಟಿಲು ಮಾತ್ರ ಹೆಚ್ಚು. ಹೀಬ್ರೂ ಭಾಷೆಯ ಯೋಹಾನಾನ್ ಎಂಬ ಹೆಸರು ಗ್ರೀಕ್, ಲ್ಯಾಟಿನ್‌ಗಳ ಮೂಲಕ ಇಂಗ್ಲೆಂಡಿಗೆ ಬಂದು ಜಾನ್ ಆಯಿತು, ಅದರ ಹಳೆಯ ಮೊಟಕು ರೂಪ ‘ಜ್ಯಾನ್’. ಆಗ ನೆದರ್ಲೆಂಡ್ಸ್ ಕಡೆಯಿಂದ ಬಂದಿದ್ದ ‘ಕಿನ್’ ಎಂಬ ಮುದ್ದಿನ ಬಾಲವನ್ನು ಹೆಸರುಗಳಿಗೆ ಅಂಟಿಸುವ ರೂಢಿ ಇತ್ತು. ನಾವು ‘ಪುಟ್ಟ’ ಸೇರಿಸುವ ಹಾಗೆ. ಜ್ಯಾನ್‌ಕಿನ್ ಆಯಿತು, ಬಾಯಲ್ಲಿ ಸವೆದು ಜ್ಯಾಕಿನ್ ಆಯಿತು, ಕೊನೆಗೆ ಬಾಲವೂ ಉದುರಿ ಜಾಕ್ ಉಳಿಯಿತು. ಫ್ರೆಂಚರ ‘ಜಾಕ್’ ಬೇರೆ. ಅದು ಜಾನ್ ಅಲ್ಲ, ಜೇಮ್ಸ್‌ಗೆ ಸಮನಾದ ಹೆಸರು. ಉಚ್ಚಾರ ಹತ್ತಿರ ಇದ್ದದ್ದರಿಂದ ಎರಡೂ ಒಂದರ ಮೇಲೊಂದು ನೆರಳು ಚೆಲ್ಲಿವೆ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಾನ್ ಎಷ್ಟು ಸಾಮಾನ್ಯವಾಗಿತ್ತೆಂದರೆ ಒಂದು ಹಳ್ಳಿಯಲ್ಲಿ ‘ಜಾಕ್’ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡಬೇಕು. ಹೆಸರು ಇಷ್ಟು ಸಸ್ತಾ ಆದಾಗ ಅದು ಒಬ್ಬನ ಗುರುತಾಗಿ ಉಳಿಯುವುದಿಲ್ಲ.

‘ಯಾರೋ ಒಬ್ಬ’ ಎಂಬ ಅರ್ಥ

‘ಎಂಕ, ನಾಣಿ, ಸೀನ’ ಎಂದು ನಾವು ಹೇಳಿದಾಗ ನಿಜವಾದ ಮೂವರನ್ನು ಉದ್ದೇಶಿಸುವುದಿಲ್ಲ. ಜಾಕ್ ಮೊದಲು ಕಳೆದುಕೊಂಡದ್ದೂ ಈ ಗುರುತನ್ನೇ. 14ನೇ ಶತಮಾನದ ಹೊತ್ತಿಗೆ ಜಾಕ್ ಎಂದರೆ ಸಾಮಾನ್ಯ ಮನುಷ್ಯ, ದುಡಿಯುವವನು. 1381ರಲ್ಲಿ ಇಂಗ್ಲೆಂಡಿನ ರೈತರು ತಲೆಗಂದಾಯದ ವಿರುದ್ಧ ದಂಗೆ ಎದ್ದರು. ಆ ದಂಗೆಯ ಪಾದ್ರಿ ಜಾನ್ ಬಾಲ್ ಜೊತೆ ಸೇರಿಸಿ ಹೇಳುವ ಪತ್ರಗಳಲ್ಲಿ ಜಾಕ್ ಮಿಲ್ಲರ್, ಜಾಕ್ ಕಾರ್ಟರ್, ಜಾಕ್ ಟ್ರೂಮನ್ ಎಂಬ ಹೆಸರುಗಳು ಬರುತ್ತವೆ: ಹಿಟ್ಟಿನ ಗಿರಣಿಯ ಜಾಕ್, ಗಾಡಿ ಹೊಡೆಯುವ ಜಾಕ್, ನಿಯತ್ತಿನ ಜಾಕ್. ದಂಗೆಯ ಮುಂದಾಳುಗಳಲ್ಲಿ ಒಬ್ಬನ ಹೆಸರು ಜಾಕ್ ಸ್ಟ್ರಾ, ಎಂದರೆ ಹುಲ್ಲುಕಡ್ಡಿಯ ಜಾಕ್. ಫ್ರಾನ್ಸಿನಲ್ಲಿ 1358ರ ರೈತದಂಗೆಗೆ ‘ಜಾಕರೀ’ ಎಂದೇ ಹೆಸರು ಬಿತ್ತು. ಅಲ್ಲಿನ ಕುಲೀನರು ರೈತನನ್ನು ಹೀಯಾಳಿಸಿ ಕರೆಯುತ್ತಿದ್ದದ್ದು ಜಾಕ್ ಎಂದೇ.

‘ಎವ್ರಿ ಮ್ಯಾನ್ ಜಾಕ್’ ಎಂದರೆ ‘ಒಬ್ಬ ನರಪಿಳ್ಳೆಯೂ ಬಿಡದೆ’ ಎಂದರ್ಥವಾಗುವುದು ಇದರಿಂದ. ಕಸುಬಿನ ಹೆಸರುಗಳೂ ಹೀಗೆಯೇ ಹುಟ್ಟಿದವು. ಮರ ಕಡಿಯುವವನು ಲಂಬರ್‌ಜಾಕ್. ಟಾರು ಬಳಿದ ಬಟ್ಟೆ ತೊಡುತ್ತಿದ್ದ ನಾವಿಕ ಜಾಕ್ ಟಾರ್. ಎಲ್ಲ ಕೆಲಸಕ್ಕೂ ಕೈ ಹಾಕುವವನು ‘ಜಾಕ್ ಆಫ್ ಆಲ್ ಟ್ರೇಡ್ಸ್’. ಈ ಕೊನೆಯ ಮಾತನ್ನು ಕನ್ನಡಕ್ಕೆ ತರುವಾಗ ಎಡವುವವರು ಬಹಳ. 17ನೇ ಶತಮಾನದ ಆರಂಭದಲ್ಲಿ ಅದು ಹುಟ್ಟಿದಾಗ ‘ಯಾವುದರಲ್ಲೂ ಪಳಗಿಲ್ಲ’ ಎಂಬ ಬಾಲ ಇರಲಿಲ್ಲ, ಅದು ಆಮೇಲೆ ಅಂಟಿಕೊಂಡದ್ದು. ಬಾಲ ಇಲ್ಲದಾಗ ಅದು ಹೆಚ್ಚುಕಡಿಮೆ ‘ಎಲ್ಲಕ್ಕೂ ಆಗಿಬರುವವನು’, ಬಾಲ ಸೇರಿದರೆ ನಮ್ಮ ‘ಅಡ್ಡಕಸಬಿ’. ‘ಸಕಲಕಲಾವಲ್ಲಭ’ ಎಂದು ಬರೆದರೆ ಎರಡಕ್ಕೂ ಒಗ್ಗುವುದಿಲ್ಲ.

ಹೆಸರು ಅಗ್ಗವಾದ ಮೇಲೆ ಬೈಗುಳಕ್ಕೂ ಬಂತು. 1450ರಲ್ಲಿ ಸಫೋಕ್‌ನ ಡ್ಯೂಕ್ ವಿಲಿಯಂ ಡಿ ಲಾ ಪೋಲ್ ಜನರ ಕೋಪಕ್ಕೆ ಗುರಿಯಾಗಿ ಸಮುದ್ರದಲ್ಲಿ ತಲೆ ಕಳೆದುಕೊಂಡ. ಅವನ ಲಾಂಛನದಲ್ಲಿ ಮರದ ಕೊರಡು, ಸರಪಳಿ ಇದ್ದವು. ಸಾಕಿದ ಕೋತಿಗೆ ಕಟ್ಟುತ್ತಿದ್ದದ್ದೂ ಅಂಥದ್ದೇ. ಹಾಗಾಗಿ ಜನ ಅವನಿಗೆ ‘ಜಾಕ್ ನೇಪ್ಸ್’ ಎಂದು ಅಡ್ಡಹೆಸರಿಟ್ಟರು. ‘ಜಾಕನೇಪ್ಸ್’ ಎಂಬ ಪದ ಇಂದಿಗೂ ಹಳೆಯ ಇಂಗ್ಲಿಷ್ ಬರಹಗಳಲ್ಲಿ ಸಿಗುತ್ತದೆ. ಮಂಗನಂಥವನು, ಉದ್ಧಟ, ತಲೆಹರಟೆ ಎಂದು ಅರ್ಥ.

ಇನ್ನೊಂದು ಹೆಸರು ಜಾಕ್ ಕೆಚ್. ಇವನು ಎರಡನೇ ಚಾರ್ಲ್ಸ್ ಕಾಲದ ನಿಜವಾದ ಗಲ್ಲುಗಾರ. 1685ರಲ್ಲಿ ಮನ್ಮತ್ ಡ್ಯೂಕನ ತಲೆಯನ್ನು ಒಂದೇಟಿಗೆ ಕಡಿಯಲಾಗದೆ ಕೊಡಲಿಯಿಂದ ಮತ್ತೆ ಮತ್ತೆ ಹೊಡೆದ. 1686ರಲ್ಲಿ ಅವನು ಸತ್ತರೂ ಹೆಸರು ಸಾಯಲಿಲ್ಲ. ಮುಂದೆ ಯಾವ ಗಲ್ಲುಗಾರ ಬಂದರೂ ಜನ ಜಾಕ್ ಕೆಚ್ ಎಂದೇ ಕರೆದರು.

ಮಾಣಿ, ಗುಲಾಮ, ಜಾಕ್

ಉಡುಪಿ ಹೋಟೆಲಿನಲ್ಲಿ ‘ಮಾಣಿ’ ಎಂದರೆ ತಿಂಡಿ ತಂದುಕೊಡುವವನು. ಹವ್ಯಕರ ಮನೆಯಲ್ಲಿ, ಕುಂದಾಪುರದ ಕಡೆ ‘ಮಾಣಿ’ ಎಂದರೆ ಹುಡುಗ. ಹುಡುಗ ಎಂಬ ಪದ ಆಳು ಎಂಬ ಪದವಾಗುವುದು ಬಹಳ ಭಾಷೆಗಳಲ್ಲಿ ನಡೆದಿದೆ, ಏಕೆಂದರೆ ಮನೆಗೆಲಸಕ್ಕೆ, ಅಂಗಡಿ ಕೆಲಸಕ್ಕೆ ಸಿಗುತ್ತಿದ್ದವರು ಹುಡುಗರೇ.

ಇಸ್ಪೀಟಿನ ಎಲೆಯಲ್ಲಿ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ಕನ್ನಡದಲ್ಲಿ ರಾಜ, ರಾಣಿ, ಗುಲಾಮ. ಗುಲಾಮ್ ಅರಬ್ಬಿಯಲ್ಲಿ ಮೊದಲು ಹುಡುಗ, ಆಮೇಲೆ ಆಳು, ದಾಸ. ಇಂಗ್ಲಿಷಿನಲ್ಲಿ ಆ ಎಲೆಯ ಹಳೆಯ ಹೆಸರು ನೇವ್. ಅದೂ ಮೊದಲು ಹುಡುಗ. ಜರ್ಮನ್‌ನಲ್ಲಿ ಅದರ ಸೋದರ ಪದ ‘ಕ್ನಾಬೆ’ ಇಂದಿಗೂ ಹುಡುಗನೇ. ಇಂಗ್ಲಿಷಿನಲ್ಲಿ ಮಾತ್ರ ಅದು ಹುಡುಗನಿಂದ ಆಳಾಗಿ, ಆಳಿನಿಂದ ಠಕ್ಕನಾಗಿ ಇಳಿಯಿತು. ಆಳಿನ ಎಲೆಗೆ ಆಳಿನ ಹೆಸರು ಜಾಕ್ ಬಂದದ್ದು ‘ಆಲ್ ಫೋರ್ಸ್’ ಎಂಬ ಆಟದಿಂದ; 17ನೇ ಶತಮಾನದಲ್ಲಿ ಅದರಲ್ಲಿ ತುರುಪಿನ ನೇವ್‌ಗೆ ಜಾಕ್ ಎನ್ನುತ್ತಿದ್ದರು. ಅದು ಬಡವರ ಆಟ, ಹಾಗಾಗಿ ಬಡವರ ಮಾತು. 1861ರಲ್ಲಿ ಪುಸ್ತಕವಾಗಿ ಬಂದ ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಕಾದಂಬರಿಯಲ್ಲಿ ಸಿರಿವಂತ ಮನೆಯ ಹುಡುಗಿ ಬಡ ಹುಡುಗನ ಬಗ್ಗೆ ‘ಇವನು ನೇವ್‌ಗೆ ಜಾಕ್ ಅಂತಾನೆ’ ಎಂದು ಹೀಯಾಳಿಸುವುದು ಅದಕ್ಕೇ.

ಕೊನೆಗೆ ಗೆದ್ದದ್ದು ಜಾಕ್. ಕಾರಣ ಅಚ್ಚಿನದು. ಕೈಯಲ್ಲಿ ಬೀಸಣಿಗೆಯಂತೆ ಹಿಡಿದ ಎಲೆಗಳ ಮೂಲೆ ಮಾತ್ರ ಕಾಣುತ್ತದೆ, ಅದಕ್ಕೆ ಮೂಲೆಯಲ್ಲಿ ಅಕ್ಷರ ಹಾಕುವ ಪದ್ಧತಿ ಬಂತು. ಕಿಂಗ್‌ಗೆ ‘ಕೆ’, ನೇವ್‌ಗೆ ‘ಕೆ-ಎನ್’. ಹೆಬ್ಬೆರಳಿನ ಕೆಳಗೆ ‘ಎನ್’ ಮುಚ್ಚಿಹೋದರೆ ಆಳು ರಾಜನಾಗಿ ಕಾಣುತ್ತಾನೆ! 1864ರಲ್ಲಿ ಅಮೆರಿಕದ ಎಲೆ ತಯಾರಕ ಸ್ಯಾಮ್ಯುಯೆಲ್ ಹಾರ್ಟ್ ‘ಕೆ-ಎನ್’ ಬದಲು ‘ಜೆ’ ಅಚ್ಚು ಹಾಕಿದ; ಆಮೇಲೆ ಅದೇ ನಿಂತಿತು. ಕೇರಳದಲ್ಲೂ ಕರಾವಳಿಯಲ್ಲೂ ಆಡುವ ಇಪ್ಪತ್ತೆಂಟು ಆಟದಲ್ಲಿ ಇದೇ ಗುಲಾಮ ರಾಜ–ರಾಣಿಯರನ್ನು ಹೊಡೆದು ಮೇಲೆ ಕೂರುತ್ತಾನೆ: ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಒಂದು ಬಣ್ಣಕ್ಕೆ 7, ನಾಲ್ಕು ಬಣ್ಣಕ್ಕೆ 28.

ಜಾಕ್‌ಪಾಟ್ ಕೂಡ ಈ ಎಲೆಯಿಂದ ಬಂದದ್ದೇ. 19ನೇ ಶತಮಾನದ ಅಮೆರಿಕದಲ್ಲಿ ಡ್ರಾ ಪೋಕರ್ ಎಂಬ ಆಟದ ಒಂದು ಬಗೆ ಇತ್ತು. ಎಲ್ಲರೂ ಮೊದಲು ನಡುವೆ ಒಂದಿಷ್ಟು ಹಣ ಹಾಕಬೇಕು. ಕೈಯಲ್ಲಿ ಕನಿಷ್ಠ ಎರಡು ಜಾಕ್, ಅಥವಾ ಅದಕ್ಕಿಂತ ಮೇಲಿನ ಜೋಡಿ ಇದ್ದವನಷ್ಟೇ ಪಂದ್ಯ ಶುರು ಮಾಡಬಹುದು. ಯಾರ ಬಳಿಯೂ ಇಲ್ಲದಿದ್ದರೆ ಹಣ ಅಲ್ಲೇ ಇರುತ್ತದೆ, ಎಲೆ ಮತ್ತೆ ಹಂಚಿ, ಎಲ್ಲರೂ ಮತ್ತೆ ಹಣ ಹಾಕುತ್ತಾರೆ. ಹೀಗೆ ಸುತ್ತು ಸುತ್ತಿಗೂ ಗುಡ್ಡೆ ಬೆಳೆಯುತ್ತದೆ. ನಡುವಿನ ಗುಡ್ಡೆಗೆ ಪಾಟ್ ಎನ್ನುತ್ತಾರೆ, ಜಾಕ್ ಬರುವವರೆಗೆ ಬೆಳೆಯುವ ಗುಡ್ಡೆ ಜಾಕ್‌ಪಾಟ್. ಗೆಲ್ಲುವವರಿಲ್ಲದೆ ಬಹುಮಾನ ಮುಂದಿನ ವಾರಕ್ಕೆ ಸೇರುವ ಲಾಟರಿಗಳಿಗೆ ಈ ಪದ ಒಗ್ಗಿದ್ದು ಹೀಗೆ.

ಹುಡುಗನ ಕೆಲಸ ಮರಕ್ಕೆ, ಕಬ್ಬಿಣಕ್ಕೆ

ಹುಡುಗನ ಹೆಸರು ಆಳಿಗೆ ಬರುವುದು ನಮಗೆ ಪರಿಚಿತ. ಆಳಿನ ಹೆಸರು ಯಂತ್ರಕ್ಕೆ ಬರುವುದು ಜಾಕ್ ಇಟ್ಟ ವಿಶೇಷ ಹೆಜ್ಜೆ; ಗ್ಯಾರೇಜಿನ ಜಾಕಿಯ ಗುಟ್ಟು ಇಲ್ಲಿದೆ.

ಹಳೆಯ ಇಂಗ್ಲೆಂಡಿನ ದೊಡ್ಡ ಮನೆಯ ಅಡುಗೆಮನೆಯಲ್ಲಿ ಇಡೀ ಮಾಂಸದ ತುಂಡನ್ನು ಕಬ್ಬಿಣದ ಸಲಾಕೆಗೆ ಚುಚ್ಚಿ ಬೆಂಕಿಯ ಮುಂದೆ ಸುಡುತ್ತಿದ್ದರು. ತಿರುಗಿಸುವುದನ್ನು ನಿಲ್ಲಿಸಿದರೆ ಒಂದು ಮಗ್ಗುಲು ಕರಕಲು, ಇನ್ನೊಂದು ಹಸಿ. ಹಾಗಾಗಿ ಒಬ್ಬ ಹುಡುಗ ಗಂಟೆಗಟ್ಟಲೆ ಬೆಂಕಿಯ ಪಕ್ಕ ಕೂತು ಸಲಾಕೆ ತಿರುಗಿಸಬೇಕು. ಕೆಲವು ಕಡೆ ಆ ಕೆಲಸವನ್ನು ಗಾಲಿಯೊಳಗೆ ಓಡುವ ನಾಯಿಗೆ ಕೊಟ್ಟರು. ಆಮೇಲೆ ಗಡಿಯಾರದಂತೆ ತೂಕ ಕಟ್ಟಿದ ಹಗ್ಗ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಹಲ್ಲುಗಾಲಿಗಳ ಮೂಲಕ ಸಲಾಕೆ ತಿರುಗಿಸುವ ಯಂತ್ರ ಬಂತು. ಅದಕ್ಕೆ ಇಟ್ಟ ಹೆಸರು ಜಾಕ್. ಹೊಗೆಗೂಡಿನಲ್ಲಿ ಮೇಲೇರುವ ಬಿಸಿ ಗಾಳಿಗೆ ತಿರುಗುವ ರೆಕ್ಕೆಯಿಂದ ನಡೆಯುವುದು ಸ್ಮೋಕ್ ಜಾಕ್.

ಬೂಟ್ ಜಾಕ್ ಇನ್ನೂ ಸರಳ. ಮೊಣಕಾಲುದ್ದದ ಬಿಗಿ ಬೂಟನ್ನು ಒಬ್ಬರೇ ಕಳಚುವುದು ಕಷ್ಟ, ಎಳೆಯಲು ಆಳು ಬೇಕಿತ್ತು. ಬದಲಿಗೆ ಒಂದು ಹಲಗೆ. ಅದರ ಒಂದು ತುದಿಯಲ್ಲಿ ಕವೆಯಂತೆ ಸೀಳು, ಸೀಳಿನ ಹತ್ತಿರ ಕೆಳಗೆ ಅಡ್ಡಪಟ್ಟಿ. ಹಾಗಾಗಿ ಆ ತುದಿ ನೆಲದಿಂದ ಸ್ವಲ್ಪ ಮೇಲೆ ನಿಲ್ಲುತ್ತದೆ. ಒಂದು ಕಾಲಲ್ಲಿ ಹಲಗೆಯ ಹಿಂಭಾಗ ಮೆಟ್ಟಿ, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಸೀಳಿಗೆ ಸಿಕ್ಕಿಸಿ ಮೇಲಕ್ಕೆಳೆದರೆ ಬೂಟು ಅಲ್ಲೇ ಉಳಿಯುತ್ತದೆ. ಕುದುರೆ ಸವಾರರು ಈಗಲೂ ಬಳಸುತ್ತಾರೆ.

ಇಂಗ್ಲೆಂಡಿನ ವೆಲ್ಸ್ ಎಂಬ ಊರಿನ ದೊಡ್ಡ ಚರ್ಚಿನಲ್ಲಿ ಕಾಲು ಗಂಟೆಗೊಮ್ಮೆ ಹಿಮ್ಮಡಿಯಿಂದ ಗಂಟೆ ಒದೆಯುವ ಬೊಂಬೆ ಇದೆ; ಅಂಥ ಬೊಂಬೆಗಳೂ ಜಾಕ್‌ಗಳೇ, ಗಂಟೆ ಬಾರಿಸುವ ಆಳಿನ ಜಾಗದಲ್ಲಿ ನಿಂತವು. ಹಾರ್ಪ್ಸಿಕಾರ್ಡ್ ವಾದ್ಯದಲ್ಲಿ ತಂತಿ ಮೀಟಲು ಮೇಲೇಳುವ ಮರದ ಪಟ್ಟಿಯೂ ಜಾಕ್.

ಇನ್ನು ನಮ್ಮ ಜಾಕಿ. ಕಾರಿನ ಜೊತೆ ಬರುವ ಕತ್ತರಿ ಆಕಾರದ ಜಾಕಿಯಲ್ಲಿ ಒಂದು ಉದ್ದ ತಿರುಪು ಇರುತ್ತದೆ. ಹಿಡಿಯನ್ನು 20 ಸೆಂ.ಮೀ. ದೂರದಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಕೈ ಹೆಚ್ಚುಕಡಿಮೆ 125 ಸೆಂ.ಮೀ. ಓಡುತ್ತದೆ, ತಿರುಪು ಮುಂದೆ ಹೋಗುವುದು ಕೆಲವೇ ಮಿ.ಮೀ. ಅಷ್ಟೇ. ದೂರದಲ್ಲಿ ಕೊಟ್ಟದ್ದು ಬಲದಲ್ಲಿ ವಾಪಸು ಬರುತ್ತದೆ. ಘರ್ಷಣೆಯಲ್ಲಿ ಬಹುಪಾಲು ಪೋಲಾದರೂ ಒಬ್ಬರೇ ಕಾರಿನ ಮೂಲೆ ಎತ್ತಬಹುದು. ನಾಲ್ಕು ಆಳು ಎತ್ತಬೇಕಾದದ್ದನ್ನು ಎತ್ತುವ ಆಳು ಎಂದು ಅದಕ್ಕೆ ಜಾಕ್ ಎಂದರು. ಮಣ್ಣು ಮೆತ್ತಗಿದ್ದರೆ ಮಾತ್ರ ಕಾರು ಏಳುವ ಬದಲು ಜಾಕಿ ಹೂತುಹೋಗುತ್ತದೆ, ಕೆಳಗೆ ಗಟ್ಟಿ ಹಲಗೆ ಇಡಬೇಕು. ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸಡಿಲಿಸಿಕೊಳ್ಳಬೇಕು, ಎತ್ತಿದ ಮೇಲೆ ಬಲ ಹಾಕಿದರೆ ಕಾರು ಜಾಕಿಯಿಂದ ಜಾರಬಹುದು. ಬರೀ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ಎಂದೂ ನುಗ್ಗಬಾರದು.

ಹೆಡ್‌ಫೋನ್ ಜಾಕಿನ ದಾರಿ ಸ್ವಲ್ಪ ಸುತ್ತು. 1880ರ ಆಸುಪಾಸಿನಲ್ಲಿ ಅಮೆರಿಕದ ಟೆಲಿಫೋನ್ ಕೇಂದ್ರಗಳಲ್ಲಿ ಒಬ್ಬ ಗ್ರಾಹಕನ ತಂತಿಯನ್ನು ಇನ್ನೊಬ್ಬನ ತಂತಿಗೆ ಕೈಯಿಂದಲೇ ಕೂಡಿಸುತ್ತಿದ್ದರು. ಅದಕ್ಕೆ ಚಾರ್ಲ್ಸ್ ಸ್ಕ್ರಿಬ್ನರ್ ರೂಪಿಸಿದ ಸ್ವಿಚ್ಚು ಮಡಚುವ ಚಾಕುವಿನಂತೆ ಕಾಣುತ್ತಿತ್ತು. ಮಡಚುವ ಚಾಕುವಿಗೆ ಇಂಗ್ಲಿಷಿನಲ್ಲಿ ಜಾಕ್ ನೈಫ್. ಹಾಗಾಗಿ ಅದು ಜಾಕ್ ನೈಫ್ ಸ್ವಿಚ್, ಕಡೆಗೆ ಬರೀ ಜಾಕ್. ಆಗಿನ 6.35 ಮಿ.ಮೀ. ಅಳತೆ ಇಂದಿಗೂ ಗಿಟಾರಿಗೆ ಚುಚ್ಚುವ ವೈರಿನಲ್ಲಿ ಇದೆ, ಮೊಬೈಲಿನಲ್ಲಿ ಹೆಡ್‌ಫೋನ್ ತೂತು ಇದ್ದರೆ ಅದು 3.5 ಮಿ.ಮೀ. ಸರಿಯಾದ ಲೆಕ್ಕದಲ್ಲಿ ತೂತು ಜಾಕ್, ಅದಕ್ಕೆ ಚುಚ್ಚುವ ಕಡ್ಡಿ ಪ್ಲಗ್. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ಎರಡಕ್ಕೂ ಜಾಕ್ ಎಂದರೆ ನಡೆಯುತ್ತದೆ, ‘ಮೇಲ್’ ‘ಫೀಮೇಲ್’ ಸೇರಿಸಿ ಹೇಳುತ್ತಾರೆ. ಆನ್‌ಲೈನಿನಲ್ಲಿ ಬರೀ ‘3.5 ಜಾಕ್’ ಎಂದು ತರಿಸಿದರೆ ಕಡ್ಡಿಯ ಬದಲು ಬೋರ್ಡಿಗೆ ಬೆಸುಗೆ ಹಾಕುವ ತೂತು ಬಂದು ಬೀಳಬಹುದು, ಚಿತ್ರ ನೋಡಿ ತರಿಸಿ.

ಚಿಕ್ಕದು, ಗಂಡು

ಹುಡುಗ ಎಂದ ಮೇಲೆ ಎರಡು ಗುಣ ಜೊತೆಗೆ ಬಂದವು: ಗಾತ್ರದಲ್ಲಿ ಚಿಕ್ಕವನು, ಜಾತಿಯಲ್ಲಿ ಗಂಡು.

ಹಡಗಿನ ಮೂತಿಯಲ್ಲಿ ಹಾರಿಸುವ ಸಣ್ಣ ಬಾವುಟಕ್ಕೆ ಜಾಕ್ ಎನ್ನುತ್ತಿದ್ದರು. 1606ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಶಿಲುಬೆಗಳನ್ನು ಕೂಡಿಸಿ ಮಾಡಿದ ಬಾವುಟ ಹಡಗುಗಳಲ್ಲಿ ಹೀಗೆ ಹಾರಿ ಯೂನಿಯನ್ ಜಾಕ್ ಆಯಿತು. ಲಾನ್ ಬೌಲ್ಸ್ ಆಟದಲ್ಲಿ ದೊಡ್ಡ ಚೆಂಡುಗಳನ್ನು ಉರುಳಿಸಿ ಹತ್ತಿರ ತರಬೇಕಾದ ಪುಟ್ಟ ಬಿಳಿ ಚೆಂಡೂ ಜಾಕ್. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ನಾಲ್ವರು ಮಹಿಳೆಯರ ತಂಡ ಚಿನ್ನ ಗೆದ್ದಾಗ ವೀಕ್ಷಕ ವಿವರಣೆ ಕೇಳಿದವರಿಗೆ ಈ ಜಾಕ್ ನೆನಪಿರಬಹುದು.

ಗಂಡು ಕತ್ತೆ ಜಾಕ್, ಹೆಣ್ಣು ಕತ್ತೆ ಜೆನ್ನಿ. ಜಾಕ್‌ಆಸ್ ಎಂದರೆ ಮೊದಲು ಗಂಡು ಕತ್ತೆ, ಆಮೇಲೆ ಪೆದ್ದ. ಅಮೆರಿಕದ ಒಂದು ಮೊಲಕ್ಕೆ ಕತ್ತೆಯಂಥ ಉದ್ದ ಕಿವಿ ಇದ್ದದ್ದರಿಂದ ಅದು ‘ಜಾಕ್‌ಆಸ್ ರ‍್ಯಾಬಿಟ್’, ಮೊಟಕಾಗಿ ಜಾಕ್ ರ‍್ಯಾಬಿಟ್ ಆಯಿತು.

ಸತ್ತುಹೋದ ಅರ್ಥಗಳು

1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಲಂಡನ್ನಿನ ಬೀದಿಮಾತಿನ ಕೋಶವೊಂದನ್ನು ಹೊರತಂದ. ಅದು ಮುಂದೆಯೂ ಹಲವು ಸಲ ಹಿಗ್ಗಿ ಅಚ್ಚಾಯಿತು. ಅದರಲ್ಲಿ ಜಾಕ್‌ಗಳ ಸಾಲೇ ಇದೆ. ಜಾಕ್ ಎಂದರೆ ಫಾರ್ದಿಂಗ್, ಅಂದರೆ ಕಾಲು ಪೆನ್ನಿ, ನಮ್ಮ ಬಿಡಿಗಾಸು. ಜಾಕಿ ಎಂದರೆ ಜಿನ್ ಎಂಬ ಅಗ್ಗದ ಮದ್ಯ. ಜಾಕ್ ಆಡಮ್ಸ್ ಎಂದರೆ ಮೂರ್ಖ, ಜಾಕ್ ಸ್ಪ್ರಾಟ್ ಎಂದರೆ ಕುಳ್ಳ. ‘ಜಾಕ್ ಇನ್ ಆಫೀಸ್’ ಎಂದರೆ ಸಣ್ಣ ಕುರ್ಚಿ ಸಿಕ್ಕಿದ ಕೂಡಲೇ ದರ್ಪ ತೋರುವವನು; ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆಯ ಆಸಾಮಿ. ‘ಜಾಕ್ ರಾಬಿನ್ಸನ್ ಎನ್ನುವಷ್ಟರಲ್ಲಿ’ ಎಂದರೆ ಚಿಟಿಕೆ ಹೊಡೆಯುವಷ್ಟರಲ್ಲಿ. ಇದೊಂದು ಇನ್ನೂ ಬದುಕಿದೆ.

ಟಾರು ಬಳಿದ ಚರ್ಮದ ಹೂಜಿ ‘ಬ್ಲಾಕ್ ಜಾಕ್’. ಸಿಪಾಯಿಗಳು ತೊಡುತ್ತಿದ್ದ ದಪ್ಪ ಹೊಲಿಗೆಯ ಅಂಗಿಯೂ ಜಾಕ್, ಅದು ಫ್ರೆಂಚಿನಿಂದ ಬಂದದ್ದು. ಅದರ ಮರಿ ಜಾಕೆಟ್. ಅಜ್ಜಿಯರು ರವಿಕೆಗೆ ‘ಜಾಕೀಟು’ ಎನ್ನುವಾಗ ಆ ಸಿಪಾಯಿಯ ಅಂಗಿಯ ಹೆಸರೇ ಇಲ್ಲಿಯವರೆಗೆ ನಡೆದು ಬಂದಿರುತ್ತದೆ.

ಪಾಯಿಖಾನೆಗೆ 16ನೇ ಶತಮಾನದಲ್ಲಿ ‘ಜೇಕ್ಸ್’ ಎನ್ನುತ್ತಿದ್ದರು. ಮೊದಲನೇ ಎಲಿಜಬೆತ್ ರಾಣಿಯ ಧರ್ಮಪುತ್ರ ಸರ್ ಜಾನ್ ಹ್ಯಾರಿಂಗ್ಟನ್ 1596ರಲ್ಲಿ ನೀರು ಹರಿಸಿ ತೊಳೆಯುವ ಕಕ್ಕಸಿನ ವಿವರ ಬರೆದಾಗ ಗ್ರೀಕ್ ವೀರ ಏಜಾಕ್ಸನ ಹೆಸರನ್ನು ಶೀರ್ಷಿಕೆಯಲ್ಲಿ ಇಟ್ಟ. ಆಗಿನ ಉಚ್ಚಾರದಲ್ಲಿ ಅದು ‘ಎ ಜೇಕ್ಸ್’ ಎಂದು ಕೇಳಿಸುತ್ತಿತ್ತು.

ಜಾಕ್ ಓ ಲ್ಯಾಂಟರ್ನ್ 17ನೇ ಶತಮಾನದಲ್ಲಿ ಕಂದೀಲು ಹಿಡಿದ ರಾತ್ರಿ ಕಾವಲುಗಾರ. ಅಲ್ಲಿಂದ ಅದು ಜೌಗು ನೆಲದ ಮೇಲೆ ರಾತ್ರಿ ಮಿಣುಕುವ ಬೆಳಕಿಗೆ ಬಂತು. ನಮ್ಮಲ್ಲಿ ಅದಕ್ಕೆ ಕೊಳ್ಳಿದೆವ್ವ ಎಂಬ ಹೆಸರಿದೆ. ಕುಂಬಳಕಾಯಿ ಕೊರೆದು ಒಳಗೆ ದೀಪ ಇಡುವ ಅರ್ಥ ಅಮೆರಿಕದಲ್ಲಿ, 19ನೇ ಶತಮಾನದಲ್ಲಿ ಸೇರಿದ್ದು.

ಈಗಿನ ಬೀದಿಮಾತು, ದೇಶ ನೋಡಿ ಅರ್ಥ

ಅಮೆರಿಕದಲ್ಲಿ ಜಾಕ್ ಎಂದರೆ ‘ಏನೂ ಇಲ್ಲ’. ಜಾಕ್ ಆದ ಮೇಲೆ ಒಂದು ಹೊಲಸು ಪದ ಇತ್ತು, ಅದನ್ನು ನುಂಗಿ ಹೆಸರಷ್ಟನ್ನು ಉಳಿಸಿಕೊಂಡರು. ವಿಚಿತ್ರವೆಂದರೆ ‘ಯು ಡೋಂಟ್ ನೋ ಜಾಕ್’ ಎಂದರೂ ‘ಯು ನೋ ಜಾಕ್’ ಎಂದರೂ ಅರ್ಥ ಒಂದೇ, ಎರಡರಲ್ಲೂ ಗೊತ್ತಿರುವುದು ಸೊನ್ನೆ. ‘ಡೋಂಟ್’ ಇಲ್ಲದ ವಾಕ್ಯವನ್ನು ‘ನಿನಗೆ ಗೊತ್ತು’ ಎಂದು ಓದಿಕೊಂಡರೆ ಅರ್ಥ ತಲೆಕೆಳಗು. ಅಲ್ಲಿ ‘ಜಾಕ್ ಮಾಡಿದ’ ಎಂದರೆ ಕದ್ದ, ಕಿತ್ತುಕೊಂಡ. ಬೆಲೆಯನ್ನು ‘ಜಾಕ್ ಅಪ್’ ಮಾಡಿದರೆ ಏರಿಸಿದರು ಎಂದರ್ಥ, ಜಾಕಿ ಕೊಟ್ಟು ಎತ್ತಿದ ಹಾಗೆ.

ಬ್ರಿಟನ್ನಿನಲ್ಲಿ ‘ಆನ್ ಯುವರ್ ಜಾಕ್’ ಎಂದರೆ ಒಂಟಿಯಾಗಿ. ಲಂಡನ್ನಿನ ಪ್ರಾಸಮಾತಿನ ಲೆಕ್ಕ ಹೀಗಿದೆ: ‘ಅಲೋನ್’ ಎನ್ನಬೇಕಾದ ಕಡೆ ಅದಕ್ಕೆ ಪ್ರಾಸವಾಗುವ ‘ಜಾಕ್ ಜೋನ್ಸ್’ ಎನ್ನುವುದು, ಆಮೇಲೆ ಪ್ರಾಸವಿರುವ ಜೋನ್ಸನ್ನೇ ಬಿಟ್ಟುಬಿಡುವುದು. ಉಳಿದ ಜಾಕ್‌ಗೂ ಒಂಟಿತನಕ್ಕೂ ಕಾಣುವ ನಂಟೇ ಇಲ್ಲ, ಕಲಿಯದೆ ಊಹಿಸಲು ಆಗುವುದಿಲ್ಲ. ಕೆಲಸವನ್ನು ‘ಜಾಕ್ ಇನ್’ ಮಾಡಿದ ಎಂದರೆ ಬಿಟ್ಟುಬಿಟ್ಟ. ‘ಐ ಆಮ್ ಆಲ್ ರೈಟ್, ಜಾಕ್’ ಎಂದರೆ ತನ್ನ ಹೊಟ್ಟೆ ತುಂಬಿದ ಮೇಲೆ ಉಳಿದವರ ಗೊಡವೆ ತನಗೇಕೆ ಎಂಬ ಧೋರಣೆ. ಹೊಗಳಿಕೆ ಎಂದು ತಿಳಿದು ಬಳಸಬಾರದು.

ಆಸ್ಟ್ರೇಲಿಯಾದಲ್ಲಿ ‘ಐ ಆಮ್ ಜಾಕ್ ಆಫ್ ಇಟ್’ ಎಂದರೆ ಸಾಕುಸಾಕಾಗಿದೆ. ಐರ್ಲೆಂಡಿನಲ್ಲಿ ‘ದ ಜಾಕ್ಸ್’ ಎಂದರೆ ಇಂದಿಗೂ ಶೌಚಾಲಯ. ಡಬ್ಲಿನ್ನಿಗೆ ಕೆಲಸಕ್ಕೆ ಹೋದ ಕನ್ನಡಿಗರಿಗೆ ಸಹೋದ್ಯೋಗಿ ‘ಜಾಕ್ಸ್‌ಗೆ ಹೋಗಿ ಬರ್ತೀನಿ’ ಎಂದರೆ ಅದು ಜಾಕ್ ಎಂಬವನ ಮನೆ ಅಲ್ಲ. ಜಾಕ್ ಪಕ್ಕ ‘ಆಫ್’ ಬಂದರೆ (‘ಓ ಎಫ್ ಎಫ್’) ಮಾತು ಅಶ್ಲೀಲ, ‘ಓ ಎಫ್’ ಬಂದರೆ ನಿರಪಾಯ. ಬರೆಯುವಾಗ ಒಂದು ಅಕ್ಷರ ಹೆಚ್ಚಾದರೆ ಆಗುವ ಮುಜುಗರ ಸಣ್ಣದಲ್ಲ.

ಇಷ್ಟು ಇಳಿದ ಹೆಸರನ್ನು ಜನ ಕೈಬಿಟ್ಟರೇ ಎಂದರೆ ಇಲ್ಲ. 1990ರ ದಶಕದ ನಡುವಿನಿಂದ 2008ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಜಾಕ್.

ಎರಡು ಜಾಕಿ, ಒಂದೇ ಮನೆ

ಕಾರು ಎತ್ತುವ ಜಾಕಿಗೂ ಕುದುರೆ ಓಡಿಸುವ ಜಾಕಿಗೂ ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ, ಉಚ್ಚಾರವೂ ಬೇರೆ. ಕನ್ನಡದಲ್ಲಿ ಎರಡನ್ನೂ ಒಂದೇ ರೀತಿ ಬರೆಯುತ್ತೇವೆ. ಇದು ತಪ್ಪು ಎಂದು ಮೂಗು ಮುರಿಯುವವರಿದ್ದಾರೆ, ಆದರೆ ವಂಶಾವಳಿ ನೋಡಿದರೆ ಕನ್ನಡದ ಕಾಗುಣಿತ ತಿಳಿಯದೆಯೇ ದಾಯಾದಿಗಳನ್ನು ಒಂದುಗೂಡಿಸಿದೆ. ಸ್ಕಾಟ್ಲೆಂಡಿನಲ್ಲಿ ಜಾಕ್‌ನ ರೂಪ ‘ಜಾಕ್’ ಅಲ್ಲ, ಬಾಯಿ ದುಂಡಗೆ ಮಾಡಿ ಹೇಳುವ ‘ಜೊಕ್’. ಅದರ ಮುದ್ದು ರೂಪ ಜೊಕಿ. 17ನೇ ಶತಮಾನದಲ್ಲಿ ಅದು ಕುದುರೆ ವ್ಯಾಪಾರಿಗೆ, ಅಲ್ಲಿಂದ ರೇಸಿನ ಸವಾರನಿಗೆ ಬಂತು. ಹಳೆಯ ಕುದುರೆ ವ್ಯಾಪಾರಿಗಳ ಕೈಚಳಕದಿಂದ ಅದಕ್ಕೆ ‘ಯುಕ್ತಿಯಿಂದ ಜಾಗ ಗಿಟ್ಟಿಸು’ ಎಂಬ ಕ್ರಿಯಾಪದವೂ ಹುಟ್ಟಿತು. 1940ರ ದಶಕದ ಅಮೆರಿಕದ ರೇಡಿಯೋದಲ್ಲಿ ಗ್ರಾಮಫೋನ್ ತಟ್ಟೆಗಳನ್ನು ನಡೆಸುವವನು ಡಿಸ್ಕ್ ಜಾಕಿಯಾದ; ನಮ್ಮ ಎಫ್‌ಎಂಗಳಲ್ಲಿ ತಟ್ಟೆ ಹೋಗಿ ರೇಡಿಯೋ ಜಾಕಿ, ಆರ್‌ಜೆ.

ಓದುವಾಗ ಅರ್ಥ ಹಿಡಿಯುವ ಬಗೆ

ಮೊದಲು ಇಂಗ್ಲಿಷಿನಲ್ಲಿ ದೊಡ್ಡಕ್ಷರವೇ ನೋಡಿ. ವಾಕ್ಯದ ನಡುವೆ ಸಣ್ಣಕ್ಷರದಿಂದ ಶುರುವಾಗಿದ್ದರೆ ಅದು ಮನುಷ್ಯನಲ್ಲ. ಹಿಂದೆ ‘ದ’ ಅಥವಾ ‘ಎ’ ಇದ್ದರೆ ವಸ್ತು, ಎಲೆ, ಚೆಂಡು. ಐರ್ಲೆಂಡಿನ ಬರಹವಾದರೆ ಪಾಯಿಖಾನೆ. ಮುಂದೆ ‘ಅಪ್’, ‘ಇನ್’ ಬಂದಿದ್ದರೆ ಕ್ರಿಯಾಪದ. ‘ನೋ’, ‘ಡು’, ‘ಗೆಟ್’ಗಳು ಆದ ಕೂಡಲೇ ವಾಕ್ಯದ ಕೊನೆಯಲ್ಲಿ ಬಂದರೆ ಬಹುತೇಕ ‘ಏನೂ ಇಲ್ಲ’. ಆಮೇಲೆ ಬರೆದವರ ದೇಶ, ಕಾಲ ನೋಡಿ. ನಿಘಂಟಿನಲ್ಲಿ ಅರ್ಥದ ಪಕ್ಕ ‘ಓಬಿಎಸ್’ ಎಂದಿದ್ದರೆ ಬಳಕೆ ತಪ್ಪಿದ ಅರ್ಥ, ‘ಆರ್ಚ್’ ಎಂದರೆ ಹಳೆಯ ಶೈಲಿ, ‘ಎಸ್ಎಲ್’ ಎಂದರೆ ಬೀದಿಮಾತು. ಚರಿತ್ರೆಯ ಕ್ರಮದ ದೊಡ್ಡ ನಿಘಂಟುಗಳಲ್ಲಿ ಒಂದನೇ ಅರ್ಥ ಅತಿ ಹಳೆಯದು. ಕಲಿಯುವವರ ನಿಘಂಟುಗಳಲ್ಲಿ ಒಂದನೇ ಅರ್ಥ ಈಗ ಅತಿ ಹೆಚ್ಚು ಬಳಕೆಯದು. ಎರಡರಲ್ಲೂ ಮೊದಲ ಸಾಲನ್ನೇ ಹೆಕ್ಕುವ ಅಭ್ಯಾಸದಿಂದ ತಪ್ಪು ಅನುವಾದಗಳು ಹುಟ್ಟುತ್ತವೆ.

ಇನ್ನು ಕೆಲವು ಪದಗಳಲ್ಲಿ ಜಾಕ್ ಕೇಳಿಸುತ್ತದೆ, ಹೆಸರು ಇರುವುದಿಲ್ಲ. ಜಾಕಲ್, ಎಂದರೆ ನರಿ, ತುರ್ಕಿಯ ‘ಚಕಾಲ್’, ಅದು ಪರ್ಷಿಯನ್ನಿನ ‘ಶಗಾಲ್’. ಸಂಸ್ಕೃತದ ಶೃಗಾಲದ ಬಳಗ. ಸಿಂಹಕ್ಕೆ ಬೇಟೆ ತೋರಿಸುವ ಪ್ರಾಣಿ ಎಂಬ ನಂಬಿಕೆಯಿಂದ ಇಂಗ್ಲಿಷಿನಲ್ಲಿ ಅದಕ್ಕೆ ‘ದೊಡ್ಡವರ ಚಾಕರಿ ಮಾಡುವವನು’ ಎಂಬ ಅರ್ಥವೂ ಬಂತು, ಕರಟಕ–ದಮನಕರನ್ನು ಬಲ್ಲ ನಮಗೆ ಇದು ಹೊಸದಲ್ಲ. ಹೈಜಾಕ್ 1920ರ ದಶಕದ ಅಮೆರಿಕದಲ್ಲಿ, ಪಾನನಿಷೇಧದ ಕಾಲಕ್ಕೆ ಕಳ್ಳ ಮದ್ಯದ ಲಾರಿಗಳನ್ನೇ ದೋಚುವವರಿಂದ ಬಳಕೆಗೆ ಬಂದದ್ದು. ಅದರ ಮೂಲ ಖಚಿತವಿಲ್ಲ; ‘ಕೈ ಮೇಲೆತ್ತು ಜಾಕ್’ ಎಂಬ ಬೆದರಿಕೆಯಿಂದ ಹುಟ್ಟಿತು ಎಂಬ ಕತೆಗೆ ಆಧಾರವಿಲ್ಲ.

ಜಾಕ್‌ಫ್ರೂಟ್ ಅಂತೂ ಪೂರ್ತಿ ನಮ್ಮ ಕಡೆಯದು. ಮಲಯಾಳದ ‘ಚಕ್ಕ’ವನ್ನು ಪೋರ್ಚುಗೀಸರು ‘ಜಾಕ’ ಎಂದು ಕೇಳಿಸಿಕೊಂಡರು. 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ಡ ಓರ್ಟಾನ ಗಿಡಮೂಲಿಕೆಯ ಗ್ರಂಥದಲ್ಲೇ ಈ ಹಣ್ಣಿನ ವಿವರ ಇದೆ. ಇಂಗ್ಲಿಷರು ಜಾಕವನ್ನು ತಮಗೆ ಪರಿಚಿತನಾದ ಜಾಕ್‌ಗೆ ಒಗ್ಗಿಸಿಕೊಂಡು, ಹಣ್ಣು ಎಂದು ಗೊತ್ತಾಗಲೆಂದು ‘ಫ್ರೂಟ್’ ಸೇರಿಸಿದರು. ತುಳುವಿನಲ್ಲಿ ಅದು ಪೆಲಕಾಯಿ, ತಮಿಳಿನಲ್ಲಿ ಪಲಾ, ಹಳಗನ್ನಡದಲ್ಲಿ ಪಲಸು. ನಮ್ಮ ‘ಪ’ಕಾರ ‘ಹ’ಕಾರವಾದ ಮೇಲೆ ಹಲಸು.